ನಮ್ಮತ್ತೆಯ ಮೂಗಿಗೆ ಬಂದ ಹಚ್ಚೆ

ಪತ್ರಿಕೆಯ ಅಕ್ಷರಗಳು ಈಚೆಗೆ ಇರುವೆ ಹರಿದ ಹಾಗೆ ಕಾಣುತ್ತವೆ ಎಂದು ನಾನು ಗೊಣಗಿದ್ದನ್ನು ಕೇಳಿಸಿಕೊಂಡು ಮೊಮ್ಮಗಳು ಹೋದ ವಾರ ಒಂದು ಭೂತಗನ್ನಡಿ ತಂದುಕೊಟ್ಟಳು. ಕೈಗೆ ಬಂದ ಕೂಡಲೇ ಪತ್ರಿಕೆ ಓದಿದೆ ಅಂದುಕೊಂಡಿರಾ? ಇಲ್ಲ. ಎಡಗೈಯ ಹಿಂಬದಿಯನ್ನು ನೋಡಿಕೊಳ್ಳುತ್ತಾ ಕೂತೆ. ನನ್ನದೇ ಚರ್ಮ, ಎಂಬತ್ತು ವರ್ಷ ಹತ್ತಿರ ಹತ್ತಿರ ಹೊದ್ದುಕೊಂಡು ಓಡಾಡಿದ್ದು, ನೀರು ಬತ್ತಿದ ಕೆರೆಯಂಗಳದ ಹಾಗೆ ಬಿರುಕುಬಿರುಕಾಗಿ ಕಂಡಿತು. ಮನುಷ್ಯರ ಚರ್ಮವನ್ನು ಹೀಗೆ ಗಾಜಿನಡಿ ಹಿಡಿದು ನೋಡುವುದನ್ನು ನಾನು ಮೊದಲ ಸಲ ಕಂಡದ್ದು ಕೃಷ್ಣಗಿರಿಯಲ್ಲಿ, ಎರಡನೇ ಮಹಾಯುದ್ಧದ ಕಾಲದಲ್ಲಿ. ಆ ಗಾಜಿನ ಕೆಳಗಿದ್ದದ್ದು ನಮ್ಮತ್ತೆಯ ಮುಖ.

ನಮ್ಮತ್ತೆ ಅಂದರೆ ನನ್ನ ಗಂಡನ ತಾಯಿ, ಮುನಕ್ಕ. ಉದ್ದನಪಲ್ಲಿಯಲ್ಲಿ ಅವರ ಹೆಸರಿನ ಮುಂದೆ ‘ಸೂಲಗಿತ್ತಿ’ ಅಂತ ಸೇರಿಸಿಯೇ ಕರೆಯುತ್ತಿದ್ದರು. ಊರಿನ ಅರ್ಧ ಜನ ಭೂಮಿಗೆ ಬಿದ್ದದ್ದು ಅವರ ಅಂಗೈ ಮೇಲೆಯೇ. ಆಳು ಕೆಂಪು, ಗೋಧಿ ಬಣ್ಣಕ್ಕಿಂತ ಒಂದು ತೂಕ ಹೆಚ್ಚು. ಹೆರಿಗೆ ಇಲ್ಲದ ದಿನ ಹೊಲದಲ್ಲಿ. ತಲೆ ಮೇಲೆ ಸೆರಗು ನಿಲ್ಲುತ್ತಿರಲಿಲ್ಲ, ಕಳೆ ಕೀಳಲು ಬಗ್ಗಿದರೆ ಮಧ್ಯಾಹ್ನದ ಬಿಸಿಲೆಲ್ಲ ಮುಖಕ್ಕೇ. ಹಣೆಯ ನಡುವೆ, ಕುಂಕುಮಕ್ಕಿಂತ ಒಂದು ಬೆರಳು ಮೇಲೆ, ಚಿಕ್ಕಂದಿನಲ್ಲಿ ಹುಯ್ಯಿಸಿಕೊಂಡ ಹಚ್ಚೆಯ ಚುಕ್ಕಿ. ಹಸಿರು, ಮೆಣಸಿನ ಕಾಳಿನಷ್ಟು.

ನಾನು ಸೊಸೆಯಾಗಿ ಹೋದಾಗ ನನಗೆ ಹದಿನೆಂಟು. ಅಪ್ಪ ರಾಯಕೋಟೆಯಲ್ಲಿ ಸ್ಕೂಲ್ ಮೇಷ್ಟ್ರು. ಐದನೇ ಕ್ಲಾಸು ಪಾಸು ಮಾಡಿದ ಹುಡುಗಿ ಅಂತ ನನಗೆ ಮೂಗಿನ ತುದಿಯಲ್ಲಿ ಕೋಪಕ್ಕಿಂತ ಜಾಸ್ತಿ ಜಂಬ ಇತ್ತು. ಆ ಮನೆಯಲ್ಲಿ ನನ್ನನ್ನು ಬಿಟ್ಟರೆ ಕಾಗದ ಓದಬಲ್ಲವರು ನನ್ನ ಗಂಡ ಒಬ್ಬರೇ. ಆದ್ದರಿಂದ ಲೋಕದ ಸಂಗತಿ ನನಗೆ ತಿಳಿದಷ್ಟು ಅತ್ತೆಗೆ ತಿಳಿಯದು ಎಂದು ನಾನು ತೀರ್ಮಾನಿಸಿಕೊಂಡು ಬಿಟ್ಟಿದ್ದೆ.

ಹೋದ ದಿನವೇ ಅವರ ಮೂಗಿನ ಎಡಗಡೆ ಒಂದು ಹುಣ್ಣು ಇದ್ದದ್ದನ್ನು ನೋಡಿದೆ. ಮೂಗುತಿಯ ಜಾಗಕ್ಕಿಂತ ಸ್ವಲ್ಪ ಮೇಲೆ. ಏಳು ವರ್ಷದ ಕೆಳಗೆ ಅದು ರಾಗಿ ಕಾಳಿನಷ್ಟು ಗುಳ್ಳೆಯಂತೆ, ಮುತ್ತಿನ ಹಾಗೆ ಮಿಂಚುತ್ತಿತ್ತಂತೆ. ನೋವಿಲ್ಲ, ಜ್ವರವಿಲ್ಲ. ವರ್ಷಕ್ಕೆ ಒಂದಿಷ್ಟು ದೊಡ್ಡದಾಗಿ, ನಡುವೆ ಗುಳಿಬಿದ್ದು, ಮುಖ ತೊಳೆದಾಗ ಒಂದು ಹನಿ ರಕ್ತ ಬಂದು, ಹಕ್ಕಳೆ ಕಟ್ಟಿ, ಹಕ್ಕಳೆ ಉದುರಿ, ‘ಇನ್ನೇನು ವಾಸಿಯಾಯಿತು’ ಅನ್ನಿಸಿ, ಮತ್ತೆ ರಕ್ತ. ಅರಿಸಿನ ಹಚ್ಚಿದರು, ಬೇವು ಅರೆದು ಹಚ್ಚಿದರು, ಎಕ್ಕದ ಹಾಲು ಬಿಟ್ಟರು. ಒಬ್ಬ ನಾಟಿ ವೈದ್ಯ ಕಾದ ಕಡ್ಡಿಯಿಂದ ಸುಟ್ಟದ್ದೂ ಆಯಿತು. ಅದು ಯಾವುದಕ್ಕೂ ಅವಸರ ಪಡಲಿಲ್ಲ, ಯಾವುದಕ್ಕೂ ಹೆದರಲಿಲ್ಲ. ನಾನು ಹೋಗುವ ಹೊತ್ತಿಗೆ ಅವರೆಕಾಳಿನಷ್ಟಾಗಿತ್ತು.

ಇಷ್ಟು ನಿಧಾನವಾದ ಕಾಯಿಲೆಗೆ ಯಾರೂ ಅಂಜುವುದಿಲ್ಲ. ಅಂಜಿದ್ದು ಹೆಸರಿಗೆ. ಯಾರ ಬಾಯಲ್ಲಿ ಮೊದಲು ಬಂತೋ ಕಾಣೆ, ಮುನಕ್ಕನಿಗೆ ಬಂದಿರುವುದು ದೊಡ್ಡ ರೋಗ ಅಂತ ಊರಲ್ಲಿ ಮಾತು ಹುಟ್ಟಿತು. ಕುಷ್ಠವನ್ನು ಆ ಕಡೆಯ ಜನ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನನ್ನ ತಾಯಿ ಹಬ್ಬಕ್ಕೆ ಕರೆಸಿಕೊಂಡಾಗ ನನ್ನನ್ನು ಅಡುಗೆಮನೆಗೆ ಕರೆದು, ನೀನು ಕುಡಿಯುವ ಲೋಟ ಬೇರೆ ಇಟ್ಟುಕೋ, ಬಾಯಿಬಿಟ್ಟು ಹೇಳಬೇಡ ಎಂದರು. ನಾನು ಬಂದವಳೇ ನನ್ನ ಲೋಟದ ತಳದಲ್ಲಿ ಮೊಳೆಯಿಂದ ಒಂದು ಗೀಟು ಹಾಕಿ, ಉಪ್ಪಿನ ಜಾಡಿಯ ಹಿಂದೆ ಇಟ್ಟುಕೊಂಡೆ. ಐದನೇ ಕ್ಲಾಸಿನ ಬುದ್ಧಿ ಅಷ್ಟಕ್ಕೆ ಬಂತು.

ಒಂದು ದಿನ ಬೆಳಿಗ್ಗೆ ನಮ್ಮ ಬೀದಿಯ ಕೊನೆ ಮನೆಯ ವೆಂಕಟಮ್ಮನ ಮಗಳಿಗೆ ನೋವು ಕಾಣಿಸಿಕೊಂಡಿತು. ಆ ಹುಡುಗಿಯನ್ನು ಹುಟ್ಟಿಸಿದ್ದೂ ಅತ್ತೆಯೇ. ಯಾರೂ ಕರೆಯಲು ಬರಲಿಲ್ಲವಾದರೂ, ಗಾಬರಿಯಲ್ಲಿ ಮರೆತಿರಬೇಕು ಎಂದುಕೊಂಡು ಅತ್ತೆ ಹರಳೆಣ್ಣೆ ಬಟ್ಟಲು, ಒಗೆದು ಮಡಿಸಿದ ಹಳೇ ಬಟ್ಟೆ ತೆಗೆದುಕೊಂಡು ಹೊರಟರು. ನಾನು ಹಿಂದೆ ಬಿಸಿನೀರಿನ ಚೆಂಬು ಹಿಡಿದು ಹೋದೆ. ವೆಂಕಟಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. ಮುಖ ನೋಡದೆ ನೆಲ ನೋಡುತ್ತಾ ಹೇಳಿದಳು: “ನೀನು ಬ್ಯಾಡ ಮುನಕ್ಕ. ರಾಯಕೋಟೆಯಿಂದ ಬೇರೆಯವ್ರು ಬತ್ತವ್ರೆ.”

ಅತ್ತೆ ಎಣ್ಣೆ ಬಟ್ಟಲನ್ನೂ ಬಟ್ಟೆಯನ್ನೂ ಜಗಲಿ ಮೇಲಿಟ್ಟು ಬೀದಿಗಿಳಿದರು. ಮನೆ ಕಡೆ ಬರಲಿಲ್ಲ. ಗೋಡೆಯ ಪಕ್ಕ ನಿಂತು ಒಳಗಿನ ನರಳಾಟವನ್ನು ಕಿವಿಗೊಟ್ಟು ಕೇಳಿದರು. ಆಮೇಲೆ ಗೋಡೆಗೇ ಹೇಳುವವರ ಹಾಗೆ, ಇನ್ನೂ ಹೊತ್ತಿದೆ, ಈಗಲೇ ತಿಣುಕಬೇಡ ಅನ್ನಿ, ಎಡಮಗ್ಗುಲಿಗೆ ಮಲಗಿಸಿ ಎಂದು ಹೇಳಿ ಹಿಂತಿರುಗಿದರು. ಆ ಮಗು ಚೆನ್ನಾಗಿಯೇ ಹುಟ್ಟಿತು. ಅತ್ತೆ ಮಾತ್ರ ಆ ದಿನವಿಡೀ ಎರಡೂ ಕೈಗಳನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು ಕೂತಿದ್ದರು. ಸಾಯಂಕಾಲ ಮಗನನ್ನು ಕರೆದು, ನಾಳೆ ಕೃಷ್ಣಗಿರಿಗೆ ಹೋಗೋಣ, ಇದೇನು ಅಂತ ತಿಳಿದವರು ಹೇಳಲಿ, ದೊಡ್ಡ ರೋಗವೇ ಆದರೆ ನಾನೇ ಕೊಟ್ಟಿಗೆಯಲ್ಲಿ ಇದ್ದುಬಿಡುತ್ತೇನೆ ಎಂದರು.

ಆಗ ಪೆಟ್ರೋಲು ಸಿಗುತ್ತಿರಲಿಲ್ಲ, ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಿದ್ದವು. ಹಿಂದುಗಡೆ ದೊಡ್ಡ ಒಲೆಯಂಥ ಪೀಪಾಯಿ, ಅದನ್ನು ತಿದಿಯೊತ್ತಿ ಹೊತ್ತಿಸಲು ಒಬ್ಬ. ರಾಯಕೋಟೆಯ ಏರು ಬಂದಾಗ ಗಂಡಸರೆಲ್ಲ ಇಳಿದು ನಡೆಯುತ್ತಿದ್ದರು. ಬಸ್ಸು ಅವರಿಗಿಂತ ಹಿಂದೆ ಬೀಳುತ್ತಿತ್ತು. ಕೃಷ್ಣಗಿರಿ ಮುಟ್ಟುವ ಹೊತ್ತಿಗೆ ನಾವು ಮೂವರೂ ಮಸಿ ಬಳಿದ ಗಡಿಗೆಗಳಾಗಿದ್ದೆವು.

ಅಲ್ಲಿನ ಆಸ್ಪತ್ರೆಯಲ್ಲಿದ್ದವರು ಒಬ್ಬ ಡಾಕ್ಟರಮ್ಮ. ಮಾತು ತಮಿಳು. ಮೂರು ಭಾಷೆ ಬೆರೆತ ಸೀಮೆ ನಮ್ಮದು, ಅತ್ತೆ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದರು, ಇಬ್ಬರಿಗೂ ತೊಡಕೇ ಆಗಲಿಲ್ಲ. ಆಕೆ ಮೊದಲು ಅತ್ತೆಯ ಮುಖ ತೊಳೆಸಿದರು. ಕಣ್ಣು ಮುಚ್ಚಿಸಿ ಹುಣ್ಣಿನ ಸುತ್ತ ಹತ್ತಿಯ ಎಳೆಯಿಂದ ಮುಟ್ಟಿದರು, ಸೂಜಿಮೊನೆಯಿಂದ ಮುಟ್ಟಿದರು. ದೊಡ್ಡ ರೋಗವಾದರೆ ಅಲ್ಲಿ ಸ್ಪರ್ಶ ತಿಳಿಯುವುದಿಲ್ಲವಂತೆ; ಮುಟ್ಟಿದಾಗೆಲ್ಲ ಅತ್ತೆ ಸರಿಯಾಗಿ ಬೆರಳಿಟ್ಟು ತೋರಿಸಿದರು. ಡಾಕ್ಟರಮ್ಮ ಕಿವಿಯ ಕೆಳಗೆ, ಮೊಣಕೈಯ ಹಿಂದೆ ನರ ಹಿಸುಕಿ ನೋಡಿದರು. ಕೊನೆಗೆ ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ, ಎರಡು ಬೆರಳಲ್ಲಿ ಚರ್ಮವನ್ನು ಹಿಗ್ಗಿಸಿ, ಭೂತಗನ್ನಡಿ ಹಿಡಿದರು. ನನ್ನನ್ನೂ ಕರೆದು ತೋರಿಸಿದರು. ಬರಿಗಣ್ಣಿಗೆ ಹುಣ್ಣಾಗಿದ್ದದ್ದು ಅಲ್ಲಿ ಒಂದು ಬಾವಿ. ಸುತ್ತ ಕಟ್ಟೆ ಕಟ್ಟಿದ ಹಾಗೆ ಹೊಳೆಯುವ ಅಂಚು, ಆ ಅಂಚಿನ ಮೇಲೆ ಕೂದಲಿಗಿಂತ ಸಣ್ಣ ಕೆಂಪು ರಕ್ತನಾಳಗಳು ಬೇರಿನ ಹಾಗೆ ಹರಡಿದ್ದವು.

ಇದು ದೊಡ್ಡ ರೋಗವಲ್ಲ, ಅಂಟುವುದೂ ಇಲ್ಲ ಎಂದು ಡಾಕ್ಟರಮ್ಮ ಮೊದಲ ಮಾತಿನಲ್ಲೇ ಹೇಳಿದರು. ಆಮೇಲೆ ಇನ್ನೊಂದು ಮಾತು ಹೇಳಿದರು. ಇದು ಕ್ಯಾನ್ಸರು. ಆದರೆ ಕ್ಯಾನ್ಸರಿನ ಕುಲದಲ್ಲಿ ತೀರಾ ಸೋಮಾರಿ. ಬೇರೆಯವು ರಕ್ತದಲ್ಲಿ ಸೇರಿ ಊರೂರು ಸುತ್ತಿದರೆ ಇದು ಹುಟ್ಟಿದ ಮನೆ ಬಿಟ್ಟು ಕದಲುವುದು ಬಲು ಅಪರೂಪ. ಆದರೆ ಕೂತ ಜಾಗವನ್ನು ಮೆಲ್ಲಮೆಲ್ಲನೆ ಕೊರೆದು ತಿನ್ನುತ್ತದೆ, ಅದಕ್ಕೇ ಇಂಗ್ಲಿಷಿನವರು ಇದಕ್ಕೆ ಇಲಿಹುಣ್ಣು ಅಂತ ಹೆಸರಿಟ್ಟಿದ್ದಾರೆ. ಬಿಳಿಯರಲ್ಲಿ ಬಹಳ ಸಾಮಾನ್ಯ, ಬಿಸಿಲಿಗೂ ಇದಕ್ಕೂ ನಂಟಿದೆ ಅನ್ನುತ್ತಾರೆ. ಬಿಟ್ಟರೆ ಮೂಗು ಹೋಗುತ್ತದೆ, ಆಮೇಲೆ ಕಣ್ಣು. ಬೇರುಸಹಿತ ತೆಗೆದರೆ ಗುಣವಾಗುತ್ತದೆ. ಬೆಂಗಳೂರಿಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರು.

ಹೊರಗೆ ಬಂದು ಅತ್ತೆ ಮೊದಲು ಕೇಳಿದ್ದು ಒಂದೇ. “ಅಂಟಲ್ಲ ಅಂದ್ರಲ್ಲಾ, ನೀನೂ ಕೇಳಿಸ್ಕೊಂಡೆ ತಾನೆ?”

ಕೇಳಿಸಿಕೊಂಡೆ ಎಂದೆ. ಉಪ್ಪಿನ ಜಾಡಿ ಕಣ್ಣ ಮುಂದೆ ಬಂತು. ತಲೆ ಎತ್ತಲಿಲ್ಲ.

ಬೆಂಗಳೂರಿಗೆ ಹೋದದ್ದು ಹದಿನೈದು ದಿನದ ಮೇಲೆ. ಅಲ್ಲಿನ ದೊಡ್ಡಾಸ್ಪತ್ರೆಯ ಸರ್ಜನ್ನರು ನಡುವಯಸ್ಸಿನವರು, ನಮ್ಮ ಕಡೆಯ ಕನ್ನಡ ಕೇಳಿದರೆ ಅವರಿಗೆ ಖುಷಿ. ಹುಣ್ಣಿನ ಅಂಚಿನಿಂದ ಅಕ್ಕಿಕಾಳಿನಷ್ಟು ತುಣುಕು ತೆಗೆದು, ಒಂದು ವಾರ ಬಿಟ್ಟು ಬನ್ನಿ ಎಂದರು. ನನ್ನ ಗಂಡ ನಮ್ಮನ್ನು ಆಸ್ಪತ್ರೆಯ ಹಿಂದಿದ್ದ ಛತ್ರದಲ್ಲಿ ಬಿಟ್ಟು ಉಳುಮೆಗೆ ಊರಿಗೆ ಹೋದರು. ಆ ವಾರ ಅತ್ತೆ ಸುಮ್ಮನಿರಲಿಲ್ಲ. ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತು ನರ್ಸುಗಳು ಕೈ ತೊಳೆಯುವುದನ್ನು ಲೆಕ್ಕವಿಟ್ಟು ನೋಡಿದರು. ಅವರು ಕತ್ತರಿಯನ್ನು ಕುದಿಸುವುದು ಯಾಕೆಂದು ಕೇಳಿ ತಿಳಿದುಕೊಂಡರು. ಉಗುರು ಬಿಡಬಾರದು ಅನ್ನುವುದು ಇವರಿಗೂ ಗೊತ್ತು ಕಣಮ್ಮಿ ಎಂದು ನನ್ನ ಹತ್ತಿರ ಮೆಚ್ಚಿಕೊಂಡರು.

ವಾರ ಕಳೆದು ಹೋದಾಗ ಸರ್ಜನ್ನರು ನಮ್ಮನ್ನು ಒಂದು ಚಿಕ್ಕ ಕೋಣೆಗೆ ಕರೆದುಕೊಂಡು ಹೋದರು. ಕಿಟಕಿಯ ಹತ್ತಿರ ಹಿತ್ತಾಳೆಯ ಸೂಕ್ಷ್ಮದರ್ಶಕ. ನಿಮ್ಮ ತುಣುಕನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕುಯ್ದು ಬಣ್ಣ ಹಾಕಿದ್ದೇವೆ, ನೋಡುತ್ತೀರಾ ಎಂದು ಅತ್ತೆಯನ್ನು ಕೇಳಿದರು. ಓದು ಬಂದವಳು ನಾನು, ನನ್ನನ್ನು ಕೇಳಲಿಲ್ಲವಲ್ಲ ಎಂದು ನನಗೆ ಸ್ವಲ್ಪ ಚುರುಕ್ ಅಂದಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಒಂದು ಕಣ್ಣು ಮುಚ್ಚಿಕೊಳ್ಳಲು ಬಾರದೆ ಅಂಗೈಯಿಂದ ಮುಚ್ಚಿಕೊಂಡರು. ಉಸಿರಾಡುತ್ತಿದ್ದಾರೋ ಇಲ್ಲವೋ ಅನ್ನಿಸುವಷ್ಟು ಹೊತ್ತು ನೋಡಿದರು.

“ಏನು ಕಾಣಿಸ್ತದಮ್ಮ?” ಎಂದರು ಸರ್ಜನ್ನರು.

“ಒಟ್ಲು ಬಿಟ್ಟಂಗೈತೆ ಸ್ವಾಮಿ, ಊದಾ ಬಣ್ಣದ ಒಟ್ಲು. ಒಳ್ಗಡೆ ಎಲ್ಲಾ ಒತ್ತೊತ್ತಾಗಿ ಅಡ್ಡಾದಿಡ್ಡಿ ಬೆಳ್ದೈತೆ. ಅಂಚ್ನಾಗೆ ಮಾತ್ರ ಯಾರೋ ಹಗ್ಗ ಹಿಡ್ದು ನೆಟ್ಟಂಗೆ ಒಂದೇ ಸಾಲು.”

ಒಟ್ಲು ಅಂದರೆ ರಾಗಿ ಪೈರಿನ ಸಸಿಮಡಿ. ಸರ್ಜನ್ನರು ತಾವೂ ಒಮ್ಮೆ ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಆ ಅಂಚಿನ ಸಾಲೇ ಈ ಕಾಯಿಲೆಯ ಗುರುತು, ಅದನ್ನು ಕಾಣುವಂತೆ ಮಾಡಲು ನನ್ನ ವಿದ್ಯಾರ್ಥಿಗಳಿಗೆ ನಾನು ಎಷ್ಟೋ ದಿನ ಹೆಣಗಬೇಕು ಎಂದರು. ಆಮೇಲೆ ನಾನೂ ನೋಡಿದೆ. ನನಗೆ ಚೆಲ್ಲಿದ ಶಾಯಿ ಬಿಟ್ಟು ಬೇರೆ ಏನೂ ಕಾಣಲಿಲ್ಲ. ಅತ್ತೆ ಹೇಳಿದ್ದನ್ನು ನೆನಪಿಟ್ಟುಕೊಂಡು ಮತ್ತೆ ಬಗ್ಗಿದಾಗ, ನಿಧಾನವಾಗಿ, ಸಾಲು ಕಂಡಿತು. ಮನುಷ್ಯರ ಮೂಗಿನೊಳಗೆ ಹೀಗೊಂದು ಹೊಲ ಇತ್ತು, ಏಳು ವರ್ಷ ಅದು ತನ್ನಷ್ಟಕ್ಕೆ ಬೆಳೆಯುತ್ತಿತ್ತು. ನಾವು ಮೇಲಿನಿಂದ ಅರಿಸಿನ ಸವರುತ್ತಿದ್ದೆವು.

ಎರಡು ದಾರಿ ಇದೆ ಎಂದರು ಸರ್ಜನ್ನರು. ರೇಡಿಯಂ ಎಂಬ ಲೋಹದ ಕಿರಣದಿಂದ ಸುಡುವುದು ಒಂದು, ಕುಯ್ದು ತೆಗೆಯುವುದು ಒಂದು. ನಿಮ್ಮದು ಹಿಂದೆಯೇ ಒಮ್ಮೆ ಸುಟ್ಟ ಗಾಯ, ಕೆಳಗಿನ ಮೆತ್ತನೆ ಮೂಳೆಯ ಹತ್ತಿರ ಹೋಗಿದೆ, ಕುಯ್ಯುವುದೇ ವಾಸಿ. ಕಾಣುವ ಅಂಚಿಗಿಂತ ಆಚೆಗೂ ಒಂದಿಷ್ಟು ಒಳ್ಳೆಯ ಚರ್ಮ ತೆಗೆಯಬೇಕು, ಏಕೆಂದರೆ ಬೇರು ಕಣ್ಣಿಗೆ ಕಾಣದೆ ಹೋಗಿರುತ್ತದೆ. ಆ ಹಳ್ಳ ಮುಚ್ಚಲು ಹಣೆಯಿಂದ ಚರ್ಮದ ಪಟ್ಟಿಯೊಂದನ್ನು ಬಿಡಿಸಿ, ಹುಬ್ಬುಗಳ ನಡುವೆ ಅದರ ಬುಡ ಹಾಗೇ ಉಳಿಸಿ, ಕೆಳಗೆ ತಿರುಗಿಸಿ ಮೂಗಿಗೆ ಹೊಲಿಯುತ್ತೇನೆ. ಬುಡದಿಂದ ರಕ್ತ ಹರಿದು ಅದು ಬದುಕುತ್ತದೆ. ಮೂರು ವಾರದ ಮೇಲೆ ಆ ಬುಡ ಕತ್ತರಿಸುತ್ತೇನೆ. ಇದು ನಮ್ಮ ದೇಶದ ಬಹಳ ಹಳೆಯ ವಿದ್ಯೆ, ಇಂಗ್ಲಿಷಿನವರು ನಮ್ಮಿಂದ ಕಲಿತದ್ದು. ಹಚ್ಚೆಯ ಚುಕ್ಕಿ ಆ ಪಟ್ಟಿಯಲ್ಲೇ ಬರುತ್ತದೆ, ತಪ್ಪಿಸಲು ಆಗುವುದಿಲ್ಲ, ಪರವಾಗಿಲ್ಲವಾ?

ಹೊಕ್ಕುಳ ಬಳ್ಳಿಯ ಹಾಗೆ ಅನ್ನಿ ಎಂದರು ಅತ್ತೆ. ಅಷ್ಟೇ ಅವರ ಒಪ್ಪಿಗೆ.

ಮುಖ ಮರಗಟ್ಟಿಸುವ ಸೂಜಿ ಚುಚ್ಚಿ, ಎಚ್ಚರವಿರುವಾಗಲೇ ಆಪರೇಷನ್ನು ಮಾಡಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಂದು ಬೆಳಗ್ಗೆ ಅಷ್ಟು ಉದ್ದ ಇರಬಹುದೆಂದು ನನಗೆ ಗೊತ್ತಿರಲಿಲ್ಲ. ನೋವೇನೂ ಆಗಲಿಲ್ಲ, ಹೊಸ ಬಟ್ಟೆ ಹರಿದಂಥ ಸದ್ದು ಮಾತ್ರ ಕೇಳಿಸುತ್ತಿತ್ತು ಎಂದು ಆಮೇಲೆ ಅತ್ತೆ ಹೇಳಿದರು. ಸರ್ಜನ್ನರ ಕೈ ನಡುಗಲಿಲ್ಲವೆಂದೂ ಅದಕ್ಕೆ ತಮಗೆ ಧೈರ್ಯ ಬಂತೆಂದೂ ಹೇಳಿದರು. ಕೈ ನೋಡಿ ಮನುಷ್ಯರನ್ನು ಅಳೆಯುವುದು ಅವರ ಕಸುಬು.

ನಾಲ್ಕನೇ ದಿನ ಬ್ಯಾಂಡೇಜು ಬಿಚ್ಚಿದಾಗ ನಾನು ನೋಡಿದೆ, ಮತ್ತು ಹೊರಗೆ ಹೋಗಿ ಕಂಬ ಹಿಡಿದು ನಿಂತೆ. ಹುಬ್ಬಿನ ನಡುವಿಂದ ಚರ್ಮದ ಒಂದು ಸೊಂಡಿಲು ಇಳಿದು ಮೂಗಿನ ಎಡಕ್ಕೆ ಅಂಟಿಕೊಂಡಿತ್ತು. ಹಣೆಯ ಮೇಲೆ ನಾಮ ಇಟ್ಟ ಹಾಗೆ ಉದ್ದಕ್ಕೆ ಹೊಲಿಗೆ. ಸೊಂಡಿಲಿನ ತುದಿಯಲ್ಲಿ, ಹುಣ್ಣಿದ್ದ ಜಾಗದಲ್ಲೇ, ಆ ಹಸಿರು ಚುಕ್ಕಿ. ಬಿಸಿಯಾಗಿತ್ತು, ಜೀವಂತವಾಗಿತ್ತು.

ಆ ಮೂರು ವಾರದಲ್ಲೇ ಇನ್ನೊಂದು ಸೋಜಿಗ ನಡೆದದ್ದು. ಅತ್ತೆಯ ಮೂಗಿನ ಮೇಲೆ ನೊಣ ಕೂತರೆ ಅವರು ಹಣೆಯ ಮೇಲೆ ಕೈ ಬೀಸುತ್ತಿದ್ದರು. ಮೊದಲು ನನಗೆ ನಗು. ಆಮೇಲೆ ಕಣ್ಣು ಮುಚ್ಚಿಸಿ ಹೊಸ ಮೂಗನ್ನು ಮೆಲ್ಲಗೆ ಮುಟ್ಟಿ ಎಲ್ಲಿ ಎಂದು ಕೇಳಿದೆ. ಹಣೆಯಲ್ಲಿ ಎಂದರು. ಸರ್ಜನ್ನರನ್ನು ಕೇಳಿದರೆ, ಆ ಚರ್ಮದ ನರಕ್ಕೆ ತಾನು ಊರು ಬಿಟ್ಟು ಬಂದದ್ದು ಇನ್ನೂ ಗೊತ್ತಿಲ್ಲ ಎಂದರು. ಅತ್ತೆ ನನ್ನ ಮುಖ ನೋಡಿ, “ಹೊಸಾ ಸೊಸೆ ಮಾತುಮಾತಿಗೂ ತವರು ಅಂದಂಗೆ ಕಣಮ್ಮಿ. ಇರ್ಲಿ, ಒಗ್ಗಿಕೊಂಡೀತು” ಎಂದರು.

ಆವತ್ತು ನನಗೆ ತಡೆಯಲಾಗಲಿಲ್ಲ. ಲೋಟದ ವಿಷಯ ಹೇಳಿಬಿಟ್ಟೆ. ಗೀಟು ಹಾಕಿದ್ದು, ಉಪ್ಪಿನ ಜಾಡಿಯ ಹಿಂದೆ ಇಟ್ಟದ್ದು, ಎಲ್ಲ. ಅತ್ತೆ ಸೊಂಡಿಲು ಅಲುಗದ ಹಾಗೆ ಜೋಪಾನವಾಗಿ ನನ್ನ ಕಡೆ ತಿರುಗಿದರು.

“ನಂಗೊತ್ತಿತ್ತು. ಇನ್ನೂ ಮಕ್ಕಳಾಗ್ಬೇಕಾದ ಹೆಣ್ಣು, ಹೆದ್ರಿಕೊಂಡ್ರೆ ತಪ್ಪಾ? ನಾನೇ ದಿನಾ ಅದನ್ನ ಬ್ಯಾರೆ ಬೂದಿ ಹಾಕಿ ಬೆಳಗಿ ಅಲ್ಲೇ ಇಡ್ತಿದ್ದೆ.”

ನನ್ನ ಲೋಟ ಯಾವಾಗಲೂ ಮಿಂಚುತ್ತಿದ್ದದ್ದು ಯಾಕೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಬುಡ ಕತ್ತರಿಸಿ, ಉಳಿದದ್ದನ್ನು ಹದಮಾಡಿ, ನಾವು ಊರಿಗೆ ಬರುವ ಹೊತ್ತಿಗೆ ಎರಡು ತಿಂಗಳಾಗಿತ್ತು. ತೆಗೆದ ಗಡ್ಡೆಯ ಸುತ್ತಲಿನ ಅಂಚನ್ನೆಲ್ಲ ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇವೆ, ಒಂದು ಸಸಿಯೂ ಉಳಿದಿಲ್ಲ ಎಂದು ಸರ್ಜನ್ನರು ಅತ್ತೆಯ ಭಾಷೆಯಲ್ಲೇ ಹೇಳಿ ಕಳಿಸಿದ್ದರು. ಊರಿನ ಜನ ಸಾಲುಗಟ್ಟಿ ನೋಡಲು ಬಂದರು. ಹಣೆಯ ಹಚ್ಚೆ ಮೂಗಿಗಿಳಿದು ಮೂಗುತಿಯ ಹಾಗೆ ಕೂತಿದ್ದನ್ನು ಕತ್ತು ಚಾಚಿ ಮತ್ತೆ ಮತ್ತೆ ನೋಡುತ್ತಿದ್ದರು. ಆದರೂ ಹೆರಿಗೆಗೆ ಯಾರೂ ಕರೆಯಲಿಲ್ಲ. ನೋಡುವುದು ಬೇರೆ, ಮುಟ್ಟಿಸಿಕೊಳ್ಳುವುದು ಬೇರೆ. ವೆಂಕಟಮ್ಮನ ಜಗಲಿಯಿಂದ ನಾನು ಆವತ್ತೇ ಎತ್ತಿ ತಂದಿದ್ದ ಹರಳೆಣ್ಣೆ ಬಟ್ಟಲು ಆ ವರ್ಷವೆಲ್ಲ ಗೂಡಿನಲ್ಲೇ ಇತ್ತು.

ಮುಂದಿನ ವರ್ಷ ನಾನು ಚೊಚ್ಚಲ ಹೆರಿಗೆಗೆ ರಾಯಕೋಟೆಗೆ ಹೋದೆ. ಮೊದಲ ದಿನ ಬೆಳಿಗ್ಗೆ ಶುರುವಾದ ನೋವು ಎರಡನೇ ದಿನ ಬೆಳಗಾದರೂ ಮುಗಿಯಲಿಲ್ಲ. ಅಲ್ಲಿನ ಸೂಲಗಿತ್ತಿ ಕೈ ಚೆಲ್ಲಿದಳು. ನನಗೆ ನೆನಪಿರುವುದು ಇಷ್ಟು: ಅತ್ತೆಯನ್ನು ಕರೆಸಿ ಎಂದು ನಾನು ಕೂಗಿದೆ, ಮತ್ತು ಲೋಟ ಬೇರೆ ಇಡು ಎಂದಿದ್ದ ನನ್ನ ತಾಯಿ ತಾವೇ ಹೋಗಿ ಗಾಡಿ ಕಟ್ಟಿಸಿದರು. ಬಿಸಿಲಿಳಿಯುವ ಹೊತ್ತಿಗೆ ಅತ್ತೆ ಬಂದರು. ಬಂದವರು ಮೊದಲು ಆಸ್ಪತ್ರೆಯಲ್ಲಿ ಕಂಡ ಹಾಗೆ ಮೊಣಕೈವರೆಗೆ ಸೋಪಿನಲ್ಲಿ ಕೈ ತೊಳೆದರು, ಕತ್ತರಿ ಕುದಿಸಲು ಹೇಳಿದರು. ನನ್ನ ಹೊಟ್ಟೆಯ ಮೇಲೆ ಅಂಗೈಗಳನ್ನಿಟ್ಟು ಕಣ್ಣು ಮುಚ್ಚಿಕೊಂಡರು. ಮಗು ಮೊಗ ಮೇಲೆ ಮಾಡಿಕೊಂಡು ಕೂತಿದೆ, ತಿರುಗುತ್ತದೆ ಎಂದರು. ನನ್ನನ್ನು ಕೈಕಾಲೂರಿ ನಿಲ್ಲಿಸಿದರು, ಮಗ್ಗುಲು ಬದಲಿಸಿದರು, ಒಂದು ಸಲವೂ ದನಿ ಏರಿಸಲಿಲ್ಲ. ದೀಪ ಹಚ್ಚುವ ಮುಂಚೆ ನನ್ನ ಮಗಳು ಹುಟ್ಟಿದಳು. ನನ್ನ ತಾಯಿ ಬಾಗಿಲ ಬಳಿ ನಿಂತು, ಅತ್ತೆಯ ರಕ್ತದ ಕೈಗಳನ್ನು ತಮ್ಮ ಎರಡು ಕೈಯಲ್ಲಿ ಹಿಡಿದುಕೊಂಡು ಅತ್ತರು.

ಆ ಸುದ್ದಿ ಉದ್ದನಪಲ್ಲಿಗೆ ನಮಗಿಂತ ಮುಂಚೆ ತಲುಪಿತು. ತಿಂಗಳೊಳಗೆ ವೆಂಕಟಮ್ಮನೇ ತನ್ನ ಸೊಸೆಗೆ ನೋವು ಬಂತೆಂದು ಓಡಿ ಬಂದಳು. ಅತ್ತೆ ಹಳೆಯದನ್ನು ಎತ್ತಲಿಲ್ಲ. ಬಟ್ಟಲು ಇಳಿಸಿಕೊಂಡು ಹೊರಟರು.

ವರ್ಷಕ್ಕೊಮ್ಮೆ ಮುಖ ತೋರಿಸಿ ಹೋಗಿ, ಇದು ಬರುವವರಿಗೆ ಇನ್ನೊಂದು ಕಡೆಯೂ ಬರಬಹುದು ಎಂದು ಸರ್ಜನ್ನರು ಹೇಳಿದ್ದನ್ನು ಅತ್ತೆ ವ್ರತದ ಹಾಗೆ ಹಿಡಿದರು. ಪ್ರತಿ ವರ್ಷ ರಾಗಿ ಕಟಾವು ಮುಗಿದ ಮೇಲೆ ಬೆಂಗಳೂರಿಗೆ. ಹೊಲದಲ್ಲಿ ತಲೆಗೆ ದೊಡ್ಡ ಬಟ್ಟೆ. ಜೊತೆಗೆ ಒಂದು ಹೊಸ ಚಾಳಿ: ಮಾತಾಡಲು ಬಂದವರನ್ನೆಲ್ಲ ಗಲ್ಲ ಹಿಡಿದು ಬೆಳಕಿಗೆ ತಿರುಗಿಸುವುದು. ಕೆಲವರು ನಕ್ಕರು, ಕೆಲವರು ಸಿಡುಕಿದರು. ಒಬ್ಬ ಕುರಿ ಕಾಯುವ ಮುದುಕನ ಕೆಳರೆಪ್ಪೆಯಲ್ಲಿ ಮಿಂಚುವ ಅಂಚಿನ ಗುಳ್ಳೆ ಕಂಡು, ಬೈದು, ಬಲವಂತವಾಗಿ ಆಸ್ಪತ್ರೆಗೆ ಕಳಿಸಿದರು. ಅವನ ಕಣ್ಣು ಉಳಿಯಿತು. ಅತ್ತೆ ಇನ್ನೂ ಮೂವತ್ತು ವರ್ಷ ಬದುಕಿ, ಮೊಮ್ಮಕ್ಕಳ ಮಕ್ಕಳನ್ನೂ ಹುಟ್ಟಿಸಿ, ಒಂದು ಮಧ್ಯಾಹ್ನ ಉಂಡು ಮಲಗಿದವರು ಹಾಗೇ ಹೋದರು. ಮೂಗು ಕೊನೆಯವರೆಗೂ ಚೆನ್ನಾಗಿತ್ತು.

ಇದೆಲ್ಲ ನೆನಪಾಗಿ ನಾಲ್ಕು ದಿನದಿಂದ ನಾನು ಜನರ ಮುಖ ನೋಡುವ ರೀತಿಯೇ ಬದಲಾಗಿದೆ. ಮೊನ್ನೆ ಹೊಸೂರಿನಿಂದ ರಾಯಕೋಟೆ ಬಸ್ಸು ಹತ್ತಿದೆ. ಮೂಕಂಡಪಲ್ಲಿ ಕಡೆ ಫ್ಯಾಕ್ಟರಿ ಕೆಲಸ ಮುಗಿಸಿದವರು ತುಂಬಿದ್ದರು. ನನ್ನ ಮುಂದಿನ ಸೀಟಿನಲ್ಲಿ ಐವತ್ತರ ಆಸುಪಾಸಿನ ಒಬ್ಬಾತ, ಒಳ್ಳೆ ಕೆಂಪು ಮೈಬಣ್ಣ. ಕಿಟಕಿಯ ಬಿಸಿಲು ಅವನ ಕಿವಿಯ ಹಿಂದೆ ಬಿದ್ದಿತ್ತು. ಅಲ್ಲೊಂದು ಕಡಲೆಕಾಳಿನಷ್ಟು ಗುಳ್ಳೆ, ನಡುವೆ ಒಣ ಹಕ್ಕಳೆ, ಸುತ್ತ ಹೊಳೆಯುವ ಕಟ್ಟೆ. ನನಗೆ ಅಪರಿಚಿತ ಗಂಡಸರ ಜೊತೆ ಮಾತಾಡಿ ಅಭ್ಯಾಸವಿಲ್ಲ. ಎರಡು ಸ್ಟಾಪು ಸುಮ್ಮನೆ ಕೂತೆ. ಅದು ಇಲಿಹುಣ್ಣೇ ಆಗಬೇಕೆಂದಿಲ್ಲ, ನನಗೇನು ಗೊತ್ತು ಅಂದುಕೊಂಡೆ. ಆಮೇಲೆ ಭುಜ ತಟ್ಟಿ, ಇದು ಎಷ್ಟು ದಿನದಿಂದ ಇದೆಯಪ್ಪ ಎಂದೆ.

ಆತ ತಿರುಗಿ ನೋಡಿ, ಮೂರು ವರ್ಷವಾಗಿರಬೇಕು ಎಂದು ತಮಿಳಿನಲ್ಲಿ ಹೇಳಿದ. ವಾಸಿಯಾಗುತ್ತದೆ, ಮತ್ತೆ ಬರುತ್ತದೆ. “ವಲಿಯೇ ಇಲ್ಲ, ಪಾಟ್ಟಿ” ಎಂದು ನಕ್ಕ. ನೋವೇ ಇಲ್ಲ, ಅಜ್ಜಿ.

“ನೋವಿಲ್ಲ ಅಂತ್ಲೇ ತೋರಿಸ್ಬೇಕು, ಮಗ” ಎಂದೆ ನಾನು. “ತಿರುಗ್ಕೋ. ಬೆಳಕಿಗೆ.”

ಆತ ಯಾಕೋ ಮಾತು ಕೇಳಿದ. ಬಸ್ಸು ಕುಲುಕುತ್ತಿತ್ತು. ನಾನು ಎದ್ದು ನಿಂತು, ಅವನ ಕಿವಿಯನ್ನು ಒಂದು ಕೈಯಲ್ಲಿ ಮಡಿಸಿ ಹಿಡಿದು, ಇನ್ನೊಂದು ಕೈಯ ಎರಡು ಬೆರಳಿನಿಂದ ಆ ಚರ್ಮವನ್ನು ಮೆಲ್ಲಗೆ ಹಿಗ್ಗಿಸಿದೆ.